ಕಾವೇರಿ ನೀರಿಗೆ ಆರ್‌ಒ ಬೇಕಾ? ಮನೆಯ ನೀರನ್ನು ತಿಳಿದು ಫಿಲ್ಟರ್ ಆರಿಸುವ ಬಗೆ

ಆರ್‌ಒ ತಗೊಳ್ಳೋದಾ, ಯುವಿ ಸಾಕಾ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಆರ್‌ಒ, ಯುವಿ, ಯುಎಫ್ ಮೂರೂ ಇರೋದನ್ನೇ ತಗೊಳ್ಳಿ, ತಲೆನೋವಿರಲ್ಲ." ಆರ್‌ಒ ಎಂದರೆ ನೀರನ್ನು ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಯಂತ್ರ, ಯುವಿ ಕಿರಣದಿಂದ ರೋಗಾಣು ಕೊಲ್ಲುವಂಥದ್ದು, ಯುಎಫ್ ಸಣ್ಣ ರಂಧ್ರಗಳಲ್ಲಿ ಸೋಸುವಂಥದ್ದು. ನಿಮ್ಮ ಮನೆಗೆ ಯಾವ ನೀರು ಬರುತ್ತದೆ ಎಂದು ಕೇಳದೆ ಕೊಡುವ ಈ ಸಲಹೆಯನ್ನು ನಂಬಬೇಡಿ. ಜಯನಗರದ ಕಾವೇರಿ ನೀರು, ವೈಟ್‌ಫೀಲ್ಡ್ ಕಡೆಯ ಟ್ಯಾಂಕರ್ ನೀರು, ಪಾವಗಡದ ಕೊಳವೆ ಬಾವಿ ನೀರು, ಉಡುಪಿಯ ತೆರೆದ ಬಾವಿ ನೀರು – ನಾಲ್ಕರ ತೊಂದರೆಯೂ ಬೇರೆ ಬೇರೆ. ತೊಂದರೆ ಯಾವುದು ಎಂದು ಗೊತ್ತಾದ ಮೇಲೆ ಅದನ್ನಷ್ಟೇ ತೆಗೆಯುವ, ಅದಕ್ಕಿಂತ ಹೆಚ್ಚೇನೂ ಮಾಡದ ಸಾಧನ ಕೊಂಡರೆ ದುಡ್ಡೂ ಉಳಿಯುತ್ತದೆ, ನೀರೂ ಉಳಿಯುತ್ತದೆ, ಕುಡಿಯುವಾಗ ರುಚಿಯೂ ಇರುತ್ತದೆ.

ಮೊದಲು ರುಚಿ ನೋಡಿ

ಮೂರು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಬೀದಿಯ ಪೈಪಿನಿಂದ ನೇರವಾಗಿ ಬರುವ ನಲ್ಲಿಯ ನೀರು, ಎರಡನೆಯದಕ್ಕೆ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಅಡುಗೆಮನೆಯ ನಲ್ಲಿಯ ನೀರು, ಮೂರನೆಯದಕ್ಕೆ ಅದೇ ಅಡುಗೆಮನೆ ನೀರನ್ನು ಹಿಡಿದು ಮುಚ್ಚಳವಿಲ್ಲದೆ ರಾತ್ರಿಯಿಡೀ ಇಟ್ಟದ್ದು. ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಕಾಫಿಗೂ ಮೊದಲು, ಮೂರನ್ನೂ ಮೂಸಿ, ಒಂದೊಂದು ಗುಟುಕು ಬಾಯಲ್ಲಿ ಹಿಡಿದು ನೋಡಿ.

ನೇರ ನಲ್ಲಿಯದು ಚೆನ್ನಾಗಿದ್ದು ಟ್ಯಾಂಕಿನದು ಕೆಟ್ಟಿದ್ದರೆ ತೊಂದರೆ ಇರುವುದು ನಿಮ್ಮ ಸಂಪಿನಲ್ಲಿ ಅಥವಾ ಟ್ಯಾಂಕಿನಲ್ಲಿ. ಅದಕ್ಕೆ ಹದಿನೈದು ಸಾವಿರದ ಯಂತ್ರ ಬೇಕಿಲ್ಲ. ಸಂಪು ಖಾಲಿ ಮಾಡಿ, ತಳದ ಕೆಸರು ತೆಗೆದು, ಗೋಡೆ ಉಜ್ಜಿ, ಮತ್ತೆ ನೀರು ತುಂಬಿ 1000 ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಮೇಲಿನ ತಿಳಿಯನ್ನಷ್ಟೇ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆ ನೀರನ್ನು ಪೂರ್ತಿ ಚೆಲ್ಲಬೇಕು, ಅದು ಕುಡಿಯುವ ನೀರಲ್ಲ. ಆಮೇಲೆ ಒಮ್ಮೆ ತೊಳೆದು ತುಂಬಿಸಿ. ಆರು ತಿಂಗಳಿಗೊಮ್ಮೆ ಹೀಗೆ ಮಾಡುವ ಮನೆಗಳಲ್ಲಿ ಫಿಲ್ಟರಿನ ಕ್ಯಾಂಡಲ್ಲೂ ಹೆಚ್ಚು ದಿನ ಬಾಳುತ್ತದೆ.

ಘಾಟು ವಾಸನೆ ಇದ್ದು ರಾತ್ರಿ ತೆರೆದಿಟ್ಟ ಲೋಟದಲ್ಲಿ ಅದು ಹೋಗಿದ್ದರೆ ಅದು ಕ್ಲೋರಿನ್. ಕೆಟ್ಟ ಸುದ್ದಿಯಲ್ಲ, ಕೊಳಾಯಿಯ ಕೊನೆಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಮಣ್ಣಿನ, ಪಾಚಿಯ ವಾಸನೆ ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಬರುವುದುಂಟು. ಪಾಚಿಯಂಥ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು ಇದಕ್ಕೆ ಕಾರಣ, ಅದರ ಎಳ್ಳಷ್ಟು ಅಂಶವೂ ಮೂಗಿಗೆ ಗೊತ್ತಾಗುತ್ತದೆ. ಈ ಎರಡನ್ನೂ ಇದ್ದಿಲಿನ ಫಿಲ್ಟರ್, ಅಂದರೆ ಕಾರ್ಬನ್, ಸಲೀಸಾಗಿ ಹೀರುತ್ತದೆ.

ನೀರು ಸವಳಾಗಿದ್ದರೆ, ತೊಗರಿಬೇಳೆ ಎಷ್ಟು ವಿಷಲ್ ಕೂಗಿಸಿದರೂ ಗಟ್ಟಿಯಾಗೇ ಉಳಿದರೆ, ಸೋಪು ನೊರೆ ಕೊಡದಿದ್ದರೆ, ಅದು ಲವಣ ಹೆಚ್ಚಿರುವ ಗಡಸು ನೀರು. ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಜತೆ ಸೇರಿ ಅದನ್ನು ಬಿಗಿ ಮಾಡುತ್ತದೆ, ಅದಕ್ಕೇ ಬೇಯುವುದಿಲ್ಲ. ಹಿಡಿದಾಗ ತಿಳಿಯಾಗಿದ್ದ ನೀರು ಗಂಟೆ ಕಳೆದ ಮೇಲೆ ಕೆಂಪಡರಿದರೆ, ಬಾಯಲ್ಲಿ ಒಗರಾದರೆ, ಚಹಾ ಕಪ್ಪಗಾದರೆ ಅದು ಕಬ್ಬಿಣ. ಮಲೆನಾಡು, ಕರಾವಳಿಯ ಮುರಕಲ್ಲಿನ ನೆಲದಲ್ಲಿ ಇದು ಸಾಮಾನ್ಯ. ಕೊಳೆತ ಮೊಟ್ಟೆಯ ವಾಸನೆ ಬೋರ್‌ವೆಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ನಲ್ಲಿಯಲ್ಲಿ ಇದ್ದಕ್ಕಿದ್ದಂತೆ ಚರಂಡಿಯ ವಾಸನೆ ಬಂದರೆ ಮಾತ್ರ ಫಿಲ್ಟರಿನ ಯೋಚನೆ ಬಿಡಿ: ಒಡೆದ ಪೈಪಿಗೆ ಒಳಚರಂಡಿ ಸೇರಿರಬಹುದು. ಆ ನೀರು ಬಳಸಬೇಡಿ. ಬೆಂಗಳೂರಾದರೆ ಜಲಮಂಡಳಿಯ 1916ಕ್ಕೆ, ಊರಾದರೆ ನೀರುಗಂಟಿಗೆ ಕೂಡಲೇ ಹೇಳಿ.

ನಾಲಿಗೆಗೆ ಗೊತ್ತಾಗದ್ದು

ಫ್ಲೋರೈಡ್, ನೈಟ್ರೇಟ್, ರೋಗಾಣು – ಈ ಮೂರಕ್ಕೂ ರುಚಿ ಇಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಕೊಪ್ಪಳದ ಕಡೆ ಆಳದ ಕೊಳವೆ ಬಾವಿಯ ನೀರು ಕುಡಿಯಲು ಸಿಹಿಯಾಗಿಯೇ ಇದ್ದು ಅದರಲ್ಲಿ ಫ್ಲೋರೈಡ್ ಮಿತಿ ಮೀರಿರಬಹುದು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡ ಮೇಲೆ ಎಚ್ಚೆತ್ತರೆ ತಡವಾಯಿತು, ಆ ಕಲೆ ಹೋಗುವುದಿಲ್ಲ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮೀರಬಾರದು. ಗುಂಡಿ ಶೌಚಾಲಯದ ಹತ್ತಿರ, ಗೊಬ್ಬರ ಹೆಚ್ಚು ಹಾಕುವ ಹೊಲಗಳ ನಡುವೆ ಇರುವ ಬಾವಿಗಳಲ್ಲಿ ಇದು ಏರುತ್ತದೆ, ಆರು ತಿಂಗಳೊಳಗಿನ ಹಸುಗೂಸಿಗೆ ನೇರ ಅಪಾಯ.

ಇನ್ನೂರು-ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಕೊಳ್ಳಿ, ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ಅದು ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು (ಅದೇ ಟಿಡಿಎಸ್, ಲೀಟರಿಗೆ ಮಿ.ಗ್ರಾಂ. ಲೆಕ್ಕದಲ್ಲಿ) ಮಾತ್ರ. 180 ಎಂದು ತೋರಿಸಿದ ನೀರಿನಲ್ಲಿ ರೋಗಾಣು ತುಂಬಿರಬಹುದು, 450ರ ನೀರಿನಲ್ಲಿ ಫ್ಲೋರೈಡ್ 3 ಇರಬಹುದು. ಹಾಗಾಗಿ ಬೋರ್ ನೀರು ಕುಡಿಯುವವರು ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ಜಿಲ್ಲಾ ಕೇಂದ್ರಗಳಲ್ಲಿವೆ. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಇ-ಕೋಲಿ (ಮಲದ ಸೋಂಕು ತೋರಿಸುವ ಬ್ಯಾಕ್ಟೀರಿಯಾ) – ಈ ಆರನ್ನು ಬರೆಸಿ. ಮನೆಯಲ್ಲೇ ರೋಗಾಣುವಿನ ಸುಳಿವು ಬೇಕೆಂದರೆ ಎಚ್2ಎಸ್ ಬಾಟಲಿ ಸಿಗುತ್ತದೆ: ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಮಲದ ಸೋಂಕು ತಗುಲಿರುವ ಸಂಭವ ಹೆಚ್ಚು.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಟಿಡಿಎಸ್ ಮತ್ತು ಲ್ಯಾಬ್ ವರದಿ. ಮಾನಕದ ಪ್ರಕಾರ 500ರವರೆಗೆ ಒಳ್ಳೆಯದು, ಬೇರೆ ದಾರಿ ಇಲ್ಲದಾಗ 2000ದವರೆಗೆ ಒಪ್ಪಬಹುದು. ರುಚಿಯ ಮಟ್ಟಿಗೆ ಹೇಳುವುದಾದರೆ 600ರವರೆಗೆ ಹೆಚ್ಚಿನವರಿಗೆ ಹಿಡಿಸುತ್ತದೆ, 1000 ದಾಟಿದರೆ ಹಿಡಿಸುವುದಿಲ್ಲ, 50ಕ್ಕಿಂತ ಕೆಳಗಿಳಿದರೆ ಸಪ್ಪೆ. ಎರಡನೆಯದು ದಿನಕ್ಕೆ ಬೇಕಾದ ನೀರು: ಕುಡಿಯಲು ಮತ್ತು ಅಡುಗೆಗೆ ಸೇರಿ ಐದು ಜನರ ಮನೆಗೆ 15ರಿಂದ 20 ಲೀಟರ್ ಹಿಡಿಯಿರಿ. ಮೂರನೆಯದು ಒತ್ತಡ. ಟ್ಯಾಂಕು ನಲ್ಲಿಗಿಂತ ಹತ್ತು ಅಡಿ ಮೇಲಿದ್ದರೆ ಸಿಗುವುದು ಬರೀ 4.3 ಪಿಎಸ್‌ಐ, ಮೇಲಿನ ಮಹಡಿಯ ಬಾಡಿಗೆ ಮನೆಗಳಲ್ಲಿ ಅದೂ ಇರುವುದಿಲ್ಲ. ಆಮೇಲೆ ಕರೆಂಟು ಎಷ್ಟು ಹೊತ್ತು ಇರುತ್ತದೆ, ವರ್ಷಕ್ಕೆ ಕ್ಯಾಂಡಲ್ಲು, ಸರ್ವೀಸು ಎಂದು ಎಷ್ಟು ಹೋಗುತ್ತದೆ, ಎಷ್ಟು ನೀರು ಮೋರಿಗೆ ಹೋಗುತ್ತದೆ. ಕೊಳ್ಳುವ ಬೆಲೆಯನ್ನು ಎಲ್ಲರೂ ನೋಡುತ್ತಾರೆ. ಐದು ವರ್ಷದ ಸರ್ವೀಸು ಖರ್ಚು ಆ ಬೆಲೆಯನ್ನೇ ಮೀರುತ್ತದೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಕುದಿಸುವುದು

ರೋಗಾಣುವಿಗೆ ಇದಕ್ಕಿಂತ ನಂಬಿಕಸ್ತ ಉಪಾಯ ಇಲ್ಲ. ಗುಳ್ಳೆ ಕೊತಕೊತ ಏಳುವಂತೆ ಒಂದು ನಿಮಿಷ ಕುದಿದರೆ ಸಾಕು, ಇಪ್ಪತ್ತು ನಿಮಿಷ ಗ್ಯಾಸ್ ಉರಿಸಬೇಕಿಲ್ಲ. ಕ್ಲೋರಿನ್ ಹಾರಿಹೋಗುತ್ತದೆ, ಗಡಸುತನದ ಒಂದು ಭಾಗ ಬಿಳಿ ಹೆಂಟೆಯಾಗಿ ಪಾತ್ರೆಯ ತಳಕ್ಕೆ ಕೂರುತ್ತದೆ. ಫ್ಲೋರೈಡ್, ನೈಟ್ರೇಟ್, ಉಪ್ಪು ಮಾತ್ರ ಹೋಗುವುದಿಲ್ಲ, ಆವಿಯಾದಷ್ಟು ನೀರಿಗೆ ಅವು ಇನ್ನಷ್ಟು ಗಾಢವಾಗುತ್ತವೆ. ಹಸುಗೂಸಿಗೆಂದು ನೈಟ್ರೇಟ್ ಹೆಚ್ಚಿರುವ ಬಾವಿ ನೀರನ್ನು ಕುದಿಸಿ ಕುದಿಸಿ ಕೊಡುವುದು ಅಪಾಯವನ್ನು ಹೆಚ್ಚಿಸಿದಂತೆ.

ಖರ್ಚಿನ ಲೆಕ್ಕ ನೋಡಿ. 10 ಲೀಟರ್ ನೀರನ್ನು ಕುದಿಗೆ ತರಲು ಮನೆಯ ಒಲೆಯಲ್ಲಿ ಸುಮಾರು 100 ಗ್ರಾಂ ಗ್ಯಾಸ್ ಬೇಕು. ತಿಂಗಳಿಗೆ 3 ಕೆಜಿ. 14.2 ಕೆಜಿಯ ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 190 ರೂಪಾಯಿ. ಯಂತ್ರದ ಬಂಡವಾಳವಿಲ್ಲ, ಸರ್ವೀಸಿನವರಿಗೆ ಕಾಯುವುದಿಲ್ಲ. ಇಬ್ಬರೇ ಇರುವ ಮನೆಗೆ, ಕಾವೇರಿ ನೀರಿದ್ದರೆ, ಇಷ್ಟೇ ಸಾಕು. ಆರಿದ ನೀರು ಸಪ್ಪೆ ಅನಿಸುವುದು ಅದರಲ್ಲಿ ಕರಗಿದ್ದ ಗಾಳಿ ಹೋಗಿರುವುದರಿಂದ. ಎರಡು ಚೊಂಬುಗಳ ನಡುವೆ ಕಾಫಿ ಆರಿಸುವ ಹಾಗೆ ಎತ್ತಿ ಎರೆದರೆ ರುಚಿ ಮರಳುತ್ತದೆ. ಎರೆಯುವ ಚೊಂಬು ಶುದ್ಧವಾಗಿರಲಿ.

ನಲ್ಲಿಗೆ ಹಾಕುವ ಕಾರ್ಬನ್, ಸ್ಟೀಲ್ ಕ್ಯಾಂಡಲ್ ಫಿಲ್ಟರ್, ಕರೆಂಟಿಲ್ಲದ ಫಿಲ್ಟರ್

ಬರೀ ಕ್ಲೋರಿನ್ ಘಾಟು, ಮಣ್ಣು ವಾಸನೆ ತೊಂದರೆ ಕೊಡುತ್ತಿದ್ದರೆ ನಲ್ಲಿಯ ಬಾಯಿಗೆ ಸಿಕ್ಕಿಸುವ ಕಾರ್ಬನ್ ಫಿಲ್ಟರ್ ಸಾಕು. ಬೆಲೆ ಸಾವಿರದ ಆಸುಪಾಸು. ಇದು ರೋಗಾಣು ಕೊಲ್ಲುವುದಿಲ್ಲ, ಕ್ಲೋರಿನ್ನನ್ನೇ ತೆಗೆದುಬಿಡುವುದರಿಂದ ಸೋಸಿಟ್ಟ ನೀರಿಗೆ ಕಾವಲೂ ಇರುವುದಿಲ್ಲ. ಅದಕ್ಕೆ ಹಿಡಿದ ನೀರನ್ನು ಅವತ್ತೇ ಮುಗಿಸಿ. ಬೆಳಿಗ್ಗೆ ಮೊದಲ ಒಂದೆರಡು ಲೋಟವನ್ನು ಗಿಡಕ್ಕೆ ಹಾಕಿ, ಯಾಕೆಂದರೆ ಒದ್ದೆ ಕಾರ್ಬನ್ನಿನಲ್ಲಿ ರಾತ್ರಿಯೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಎರಡಂತಸ್ತಿನ ಸ್ಟೀಲ್ ಫಿಲ್ಟರಿನ ಬಿಳಿ ಪಿಂಗಾಣಿ ಕ್ಯಾಂಡಲ್ ಕಸರು, ಕೆಸರು, ಹೆಚ್ಚಿನ ಬ್ಯಾಕ್ಟೀರಿಯಾ ಹಿಡಿಯುತ್ತದೆ, ವೈರಸ್ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಮೆತ್ತನೆ ಬ್ರಶ್ಶಿನಿಂದ ನೀರಲ್ಲೇ ಉಜ್ಜಿ, ಸೋಪು ಬೇಡ: ಅದರ ರಂಧ್ರದೊಳಗೆ ಸೇರಿದ ಸೋಪು ವಾರಗಟ್ಟಲೆ ನೀರಿಗೆ ಇಳಿಯುತ್ತದೆ. ಕೂದಲೆಳೆಯ ಬಿರುಕು ಬಿದ್ದರೂ ಕ್ಯಾಂಡಲ್ ಬದಲಿಸಬೇಕು. ಸೋಸಿದ ಮೇಲೆ ಕುದಿಸುವವರಿಗೆ ಇದು ಒಳ್ಳೆಯ ಜತೆ.

ಮೇಲಿಂದ ಸುರಿದರೆ ತಾನಾಗಿ ಇಳಿಯುವ, ಒಳಗೇ ಕ್ಲೋರಿನ್ ಅಥವಾ ಬೆಳ್ಳಿಯ ಅಂಶವಿರುವ ಫಿಲ್ಟರುಗಳು ಎರಡರಿಂದ ನಾಲ್ಕು ಸಾವಿರಕ್ಕೆ ಸಿಗುತ್ತವೆ. ಬಾಡಿಗೆ ಮನೆಯವರಿಗೆ, ಪಿಜಿಯಲ್ಲಿರುವ ಹುಡುಗರಿಗೆ ಅನುಕೂಲ: ಗೋಡೆಗೆ ಮೊಳೆ ಹೊಡೆಯಬೇಕಿಲ್ಲ, ಮನೆ ಬದಲಿಸಿದರೆ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಒಂದು ಕಿಟ್ ಇಷ್ಟು ಲೀಟರಿಗೆ ಎಂದು ಬರೆದಿರುತ್ತದೆ. 1500 ಲೀಟರಿನ ಕಿಟ್ ಎಂದರೆ ದಿನಕ್ಕೆ 10 ಲೀಟರಿನಂತೆ ಐದು ತಿಂಗಳು. ಕೊಳ್ಳುವಾಗ ಯಂತ್ರದ ಬೆಲೆಯ ಬದಲು ಈ ಲೆಕ್ಕ ಹಾಕಿ.

ಯುವಿ, ಯುಎಫ್

ಯುವಿಯಲ್ಲಿ 254 ನ್ಯಾನೋಮೀಟರ್ ಕಿರಣ ಬ್ಯಾಕ್ಟೀರಿಯಾ, ವೈರಸ್ ಎರಡನ್ನೂ ನಿಷ್ಕ್ರಿಯ ಮಾಡುತ್ತದೆ. ರುಚಿಯನ್ನು ಮುಟ್ಟುವುದಿಲ್ಲ, ಅದರ ಹಿಂದಿನ ಕಾರ್ಬನ್ ಕ್ಯಾಂಡಲ್ಲೇ ರುಚಿಗೆ ಹೊಣೆ. ನೀರು ತಿಳಿಯಾಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ, ಕಲಕಿದ ನೀರಿನಲ್ಲಿ ರೋಗಾಣು ಕಣಗಳ ನೆರಳಲ್ಲಿ ಬಚಾವಾಗುತ್ತವೆ. ಗಡಸು ನೀರಾದರೆ ದೀಪದ ಸುತ್ತಲಿನ ಗಾಜಿನ ಕೊಳವೆಗೆ ಸುಣ್ಣ ಕಟ್ಟಿ ಬೆಳಕು ಹಾಯುವುದೇ ಇಲ್ಲ. ಹೆಚ್ಚಿನವರು ಮೋಸಹೋಗುವುದು ಇಲ್ಲಿ: ನೀಲಿ ಬೆಳಕು ಕಾಣುತ್ತಿದೆ, ಹಾಗಾದರೆ ದೀಪ ಸರಿಯಿದೆ ಎಂದುಕೊಳ್ಳುತ್ತಾರೆ. ಕಣ್ಣಿಗೆ ಕಾಣುವ ನೀಲಿ ಬೇರೆ, ರೋಗಾಣು ಕೊಲ್ಲುವ ಕಿರಣ ಬೇರೆ. ಸುಮಾರು 8000 ಗಂಟೆ ಉರಿದ ಮೇಲೆ ಅದು ಕುಂದುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ದೀಪವನ್ನು ಗಂಟೆಯ ಲೆಕ್ಕದಲ್ಲೇ ಬದಲಿಸಬೇಕು.

ಯುಎಫ್ ಎಂದರೆ ಶಾವಿಗೆಯಂಥ ಟೊಳ್ಳು ಎಳೆಗಳ ಕಟ್ಟು. ಸುಮಾರು 0.01 ಮೈಕ್ರಾನಿನ ರಂಧ್ರ. ಕರೆಂಟು ಬೇಡ, ನೀರು ಪೋಲಾಗುವುದಿಲ್ಲ, ಹತ್ತಡಿಯ ಒತ್ತಡಕ್ಕೂ ನಿಧಾನವಾಗಿ ಇಳಿಯುತ್ತದೆ. ಬ್ಯಾಕ್ಟೀರಿಯಾ ಹಿಡಿಯುವುದರಲ್ಲಿ ಗಟ್ಟಿಗ, ವೈರಸ್ ವಿಷಯದಲ್ಲಿ ಯುವಿಯಷ್ಟು ಭರವಸೆ ಇಲ್ಲ. ಕರೆಂಟು ಕೈಕೊಡುವ ಊರಲ್ಲಿ ಯುಎಫ್ ಹಾಕಿಸಿ, ಮಳೆಗಾಲದ ಮೊದಲ ಕೆಂಪು ನೀರು ಬರುವ ದಿನಗಳಲ್ಲಿ ಕುದಿಸಿ. ಕರೆಂಟು ಸರಿಯಾಗಿರುವ ನಗರದಲ್ಲಿ ಎರಡೂ ಸೇರಿದ ಯುವಿ-ಯುಎಫ್ ಯಂತ್ರ ಒಳ್ಳೆಯದು, ಏಳೆಂಟು ಸಾವಿರಕ್ಕೆ ಸಿಗುತ್ತದೆ.

ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಬರುವ ಕಾವೇರಿ ನೀರಿನ ಟಿಡಿಎಸ್ ಸಾಮಾನ್ಯವಾಗಿ 300ರ ಒಳಗೇ. ಇದಕ್ಕೆ ಬೇಕಿರುವುದು ಕಾರ್ಬನ್ ಮತ್ತು ಯುವಿ ಅಥವಾ ಯುಎಫ್, ಅಷ್ಟೇ.

ಆರ್‌ಒ: ಯಾವಾಗ ಬೇಕೇಬೇಕು, ಯಾವಾಗ ಬೇಡ

ಲವಣವನ್ನು, ಫ್ಲೋರೈಡನ್ನು, ನೈಟ್ರೇಟನ್ನು ಒಟ್ಟಿಗೆ ತೆಗೆಯುವ ಸಾಧನ ಮನೆಯ ಮಟ್ಟದಲ್ಲಿ ಇದೊಂದೇ. ಪೊರೆ ಒಳ್ಳೆಯ ಸ್ಥಿತಿಯಲ್ಲಿದ್ದಾಗ ಶೇಕಡಾ 90–95 ಭಾಗ ಲವಣ ಹೋಗುತ್ತದೆ. 1200 ಟಿಡಿಎಸ್‌ನ ಬೋರ್ ನೀರು 60–120ಕ್ಕೆ ಇಳಿದು ಸಿಹಿಯಾಗುತ್ತದೆ. ಅದೇ ಯಂತ್ರಕ್ಕೆ 150ರ ಕಾವೇರಿ ನೀರು ಬಿಟ್ಟರೆ 10–15ಕ್ಕೆ ಇಳಿದು ಬಾಯಿಗೆ ಜೀವವಿಲ್ಲದ ನೀರಾಗುತ್ತದೆ. ಜತೆಗೆ ಒಂದು ಲೀಟರ್ ಕುಡಿಯಲು ಸುಮಾರು ಮೂರು ಲೀಟರ್ ಹೊರಗೆ. ದಿನಕ್ಕೆ 15 ಲೀಟರ್ ಬಳಸುವ ಮನೆ ತಿಂಗಳಿಗೆ 1350 ಲೀಟರ್ ಚೆಲ್ಲುತ್ತದೆ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರಿನ ಮುಕ್ಕಾಲು ಪಾಲನ್ನು ಮೋರಿಗೆ ಬಿಡುವುದು ಯಾವ ಲೆಕ್ಕಕ್ಕೂ ಸರಿಯಲ್ಲ, ಬಕೆಟ್ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಕುಂಡದ ಗಿಡಗಳಿಗೆ ದಿನಾ ಹಾಕಿದರೆ ಮಣ್ಣಿಗೆ ಉಪ್ಪು ಹಿಡಿಯುತ್ತದೆ.

ಹೊರಹೋಗುವ ನೀರು ಕಡಿಮೆ ಮಾಡಲೆಂದು ಆ ಪೈಪನ್ನು ಮಡಚಿ ಕಟ್ಟುವುದು, ಆ ನೀರಿನ ಹರಿವನ್ನು ಅಳತೆಯಲ್ಲಿಡುವ ಒಳಗಿನ ಫ್ಲೋ ರಿಸ್ಟ್ರಿಕ್ಟರ್ ಬದಲಿಸುವುದು ಮಾಡಬೇಡಿ. ಪೊರೆಯ ಮೇಲೆ ಉಳಿದ ಲವಣವನ್ನು ತೊಳೆದೊಯ್ಯುವುದೇ ಆ ನೀರು. ಅದು ನಿಂತರೆ ಎರಡು ವರ್ಷ ಬರಬೇಕಾದ ಪೊರೆ ಕೆಲವೇ ತಿಂಗಳಲ್ಲಿ ಸುಣ್ಣ ಕಟ್ಟಿ ಸಾಯುತ್ತದೆ. ಕಬ್ಬಿಣವಿರುವ ನೀರನ್ನೂ ನೇರ ಬಿಡಬೇಡಿ. ಡ್ರಮ್ಮಿಗೆ ಎತ್ತರದಿಂದ ಸುರಿದು ಗಾಳಿಯಾಡಿಸಿ, ರಾತ್ರಿ ಬಿಟ್ಟು, ಕೆಂಪು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಳಸಿ. ಬಹಳಷ್ಟು ಬಾವಿ ನೀರಿಗೆ ಆಮೇಲೆ ಆರ್‌ಒ ಬೇಕಾಗುವುದೇ ಇಲ್ಲ, ಯುಎಫ್ ಸಾಕು.

ಇನ್ನು ಟಿಡಿಎಸ್ ಕಂಟ್ರೋಲರ್. ರುಚಿಗಾಗಿ ಇದೆ ಎಂದು ಮಾರುವ ಈ ಪುಟ್ಟ ತಿರುಪು ಮಾಡುವುದಿಷ್ಟೇ: ಪೊರೆ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಬರೀ ಗಡಸು ನೀರಿಗೆ ಪರವಾಗಿಲ್ಲ. ಫ್ಲೋರೈಡ್ 4 ಮಿ.ಗ್ರಾಂ. ಇರುವ ನೀರಿನಲ್ಲಿ ಕಾಲು ಭಾಗ ಹೀಗೆ ಬೆರೆತರೆ ಆ ಕಾಲು ಭಾಗದಿಂದಲೇ 1 ಮಿ.ಗ್ರಾಂ., ಪೊರೆ ದಾಟಿದ ಮುಕ್ಕಾಲು ಭಾಗದಿಂದ 0.3. ಒಟ್ಟು 1.3, ಮಿತಿಯ ಮೇಲೆ. ಯಾವ ಕಾರಣಕ್ಕೆ ಯಂತ್ರ ಕೊಂಡಿರೋ ಅದೇ ಹಾಳಾಯಿತು. ಫ್ಲೋರೈಡ್, ನೈಟ್ರೇಟ್ ಇರುವ ಕಡೆ ಈ ತಿರುಪನ್ನು ಪೂರ್ತಿ ಮುಚ್ಚಿಸಿ.

ಬೆಲೆ 8,000ದಿಂದ 20,000. ವರ್ಷಕ್ಕೆ ಕ್ಯಾಂಡಲ್ಲು, ಸರ್ವೀಸು ಸೇರಿ ಮೂರರಿಂದ ಐದು ಸಾವಿರ. ಪಂಪ್ ಇಲ್ಲದ ಆರ್‌ಒ ನಮ್ಮ ಟ್ಯಾಂಕ್ ಒತ್ತಡಕ್ಕೆ ಕೆಲಸ ಮಾಡುವುದಿಲ್ಲ, ಹಾಗಾಗಿ ಕರೆಂಟು ಬೇಕೇಬೇಕು.

ಸಾಫ್ಟನರ್ ಇದೆಯಲ್ಲ, ಆರ್‌ಒ ಯಾಕೆ ಎನ್ನುವವರಿಗೆ: ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೂರಿಸುತ್ತದೆ, ಟಿಡಿಎಸ್ ಇಳಿಯುವುದಿಲ್ಲ. ಸ್ನಾನಕ್ಕೆ, ಗೀಸರಿಗೆ ಒಳ್ಳೆಯದು, ಕುಡಿಯಲು ಅಲ್ಲ.

ಕ್ಯಾನ್ ಮತ್ತು ಶುದ್ಧ ನೀರಿನ ಘಟಕ

ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ 20 ಲೀಟರಿಗೆ 5ರಿಂದ 10 ರೂಪಾಯಿ. ದಿನಕ್ಕೊಂದು ಕ್ಯಾನ್ ತಂದರೂ ತಿಂಗಳಿಗೆ 150–300. ಮನೆಯ ಆರ್‌ಒಗೆ ಹತ್ತು ಸಾವಿರ ಹಾಕಿ ಏಳು ವರ್ಷ ಬಳಸಿದರೂ ಸರ್ವೀಸು ಸೇರಿ ತಿಂಗಳಿಗೆ ಸುಮಾರು 370ರಿಂದ 535 ಬೀಳುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ, ಘಟಕ ಹತ್ತಿರವಿದ್ದು ಹೊರಲು ಜನವಿದ್ದರೆ ಇದೇ ಜಾಣತನ. ತಿಂಗಳಿಗೊಮ್ಮೆ ಆ ನೀರಿಗೆ ನಿಮ್ಮ ಮೀಟರ್ ಹಾಕಿ ನೋಡಿ. 80 ಇದ್ದದ್ದು 300 ಆಗಿದ್ದರೆ ಪೊರೆ ಹೋಗಿದೆ, ಪಂಚಾಯಿತಿಗೆ ಹೇಳಿ. ಅಂಗಡಿಯ ಕ್ಯಾನಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 14543 ಎಂಬ ಸಂಖ್ಯೆ ಇದೆಯೇ ನೋಡಿ (2024ರವರೆಗೆ ಇದು ಕಡ್ಡಾಯವಾಗಿತ್ತು), ಸೀಲು ಇದ್ದರೆ ಸಾಲದು. ಕ್ಯಾನಿನ ಒಳಗೋಡೆ ಬೆರಳಿಗೆ ಜಾರಿದರೆ ಲೋಳೆ ಕಟ್ಟಿದೆ ಎಂದೇ ಅರ್ಥ. ಬಿಸಿಲಿಗೆ ಇಡಬೇಡಿ, ಹಸಿರು ಪಾಚಿ ಬರುತ್ತದೆ.

ನಿಮ್ಮ ಮನೆಗೆ ಯಾವುದು

ಕಾವೇರಿ ನೀರು, ಟಿಡಿಎಸ್ 300ರ ಒಳಗೆ, ಸ್ವಂತ ಮನೆ: ಕಾರ್ಬನ್ ಇರುವ ಯುವಿ-ಯುಎಫ್. ಬಾಡಿಗೆ ಮನೆಯಾದರೆ ಕರೆಂಟಿಲ್ಲದ ಫಿಲ್ಟರ್, ಅಥವಾ ಕುದಿಸುವುದು. ಅಪಾರ್ಟ್‌ಮೆಂಟಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತಿದ್ದರೆ ಜನವರಿಯ ಅಳತೆ ಏಪ್ರಿಲಿಗೆ ಸಲ್ಲದು. ಎರಡು ಋತುವಿನಲ್ಲೂ ಅಳೆಯಿರಿ, ಬೇಸಿಗೆಯಲ್ಲಿ 600 ದಾಟಿದರೆ ಆರ್‌ಒ ಹಾಕಿಸಿ, ಮಳೆಗಾಲದಲ್ಲಿ ಬರೀ ಯುವಿ ದಾರಿಯಲ್ಲಿ ಹರಿಸುವ ವ್ಯವಸ್ಥೆ ಇರುವ ಮಾದರಿ ನೋಡಿ. ಅದಕ್ಕಿಂತ ಮುಂಚೆ ಅಡುಗೆಮನೆಗೆ ಕಾವೇರಿಯ ಪ್ರತ್ಯೇಕ ಪೈಪ್ ಎಳೆಯಲು ಸಾಧ್ಯವೇ ಎಂದು ಅಸೋಸಿಯೇಷನ್ನಿನಲ್ಲಿ ಕೇಳಿ. ಇಡೀ ಕಟ್ಟಡಕ್ಕೆ ಒಮ್ಮೆ ಆಗುವ ಆ ಖರ್ಚು ಮನೆಗೊಂದು ಆರ್‌ಒಗಿಂತ ಕಡಿಮೆ ಬೀಳಬಹುದು.

600ರಿಂದ 2000 ಟಿಡಿಎಸ್‌ನ ಬೋರ್ ನೀರಿಗೆ, ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ ಯಾವ ನೀರಿಗಾದರೂ: ಆರ್‌ಒ ಅಥವಾ ಘಟಕದ ನೀರು, ಕುಡಿಯಲು ಮಾತ್ರವಲ್ಲ, ಅಡುಗೆಗೂ. ಅನ್ನ, ಸಾರಿನ ಮೂಲಕವೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಹೆಚ್ಚಿನ ಮನೆಗಳಲ್ಲಿ ಮರೆತಿರುತ್ತಾರೆ. ಕರಾವಳಿ, ಮಲೆನಾಡಿನ ತೆರೆದ ಬಾವಿಗೆ ಕಬ್ಬಿಣ ಕೂರಿಸಿದ ಮೇಲೆ ಯುಎಫ್, ಮಳೆಗಾಲದಲ್ಲಿ ಕುದಿಸುವುದು.

ಯಂತ್ರ ಹಾಕಿಸಿದ ದಿನ ಎರಡು ಕೆಲಸ ಮಾಡಿ. ಒಳಹೋಗುವ ಮತ್ತು ಹೊರಬರುವ ನೀರಿನ ಟಿಡಿಎಸ್ ಅಳೆದು ಯಂತ್ರದ ಬದಿಗೇ ಬರೆದಿಡಿ, ಪ್ರತಿ ಕ್ಯಾಂಡಲ್ಲಿನ ಮೇಲೂ ಮಾರ್ಕರಿನಿಂದ ತಾರೀಕು ಹಾಕಿ. ಸರ್ವೀಸಿಗೆ ಬಂದವರು ಪೊರೆ ಹೋಗಿದೆ ಎಂದಾಗ ಮತ್ತೆ ಅಳೆಯಿರಿ: ಒಳಗೆ 1000, ಹೊರಗೆ 90 ಇದ್ದರೆ ಪೊರೆ ಚೆನ್ನಾಗಿಯೇ ಇದೆ. ನೀರು ಸಣ್ಣಗೆ ಬರುತ್ತಿದೆ ಎನ್ನುವುದಕ್ಕೆ ಎಷ್ಟೋ ಸಲ ಕಾರಣ ನೂರಿನ್ನೂರು ರೂಪಾಯಿಯ ಬಿಳಿ ಸೆಡಿಮೆಂಟ್ ಕ್ಯಾಂಡಲ್ ಕಟ್ಟಿಕೊಂಡಿರುವುದು, ಮೊದಲು ಅದನ್ನು ಬದಲಿಸಲು ಹೇಳಿ. ವಾರಗಟ್ಟಲೆ ಊರಿಗೆ ಹೋಗಿ ಬಂದರೆ ಯಂತ್ರದ ಟ್ಯಾಂಕಿನ ನೀರನ್ನು ಪೂರ್ತಿ ಚೆಲ್ಲಿ, ಇನ್ನೊಂದು ಸಲ ತುಂಬಿದ್ದನ್ನೂ ಚೆಲ್ಲಿ, ಮೂರನೆಯ ಸಲದ್ದನ್ನು ಕುಡಿಯಿರಿ.